ವರ್ತಕರ ಬಂದರಿನಲ್ಲಿ ನಾಲ್ಕು ದಿನ

ಡೆನ್ಮಾರ್ಕಿನ ರಾಜಧಾನಿಯನ್ನು ನಾವು ಕೋಪನ್‌ಹೇಗನ್ ಎನ್ನುತ್ತೇವೆ. ಅಲ್ಲಿಯವರ ಬಾಯಲ್ಲಿ ಅದು ಕ್ಯೋಬೆನ್‌ಹೌನ್ ಎಂಬುದಕ್ಕೆ ಹತ್ತಿರವಾಗಿ ಕೇಳಿಸುತ್ತದೆ. ವರ್ತಕರ ಬಂದರು ಎಂದು ಅದರ ಅರ್ಥ. ಸಂತೆಯಿಂದ ಮೊದಲಾಗುವ, ಪೇಟೆಯಿಂದ ಮುಗಿಯುವ ಊರ ಹೆಸರುಗಳನ್ನು ದಿನವೂ ಕೇಳುವ ನಮಗೆ ಈ ಬಗೆಯ ಹೆಸರು ಹೊಸದೇನಲ್ಲ. ಹೊಸದಾಗಿ ತೋರಬಹುದಾದದ್ದು ಬೇರೊಂದು ಸಂಗತಿ. ಉತ್ತರದ ಚಳಿನಾಡು ಎಂದು ನಾವು ದೂರದಲ್ಲಿಟ್ಟಿರುವ ಈ ಊರಿನ ಚರಿತ್ರೆಯ ಒಂದು ಪುಟದಲ್ಲಿ ಶ್ರೀರಂಗಪಟ್ಟಣದ ಮದ್ದಿನ ಹೊಗೆಯಿದೆ. ಕನ್ನಡದ ಅಚ್ಚುಮೊಳೆಯ ಚರಿತ್ರೆಯ ಒಂದು ಪುಟದಲ್ಲಿ ಈ ಊರಿನ ದೊರೆಯ ಧ್ವಜದ ನೆರಳಿದೆ. ಈ ಎರಡು ಪುಟಗಳನ್ನು ಆ ಊರಿನ ಬೀದಿಗಳಲ್ಲಿಯೇ ನಿಂತು ಓದಬೇಕೆಂಬ ಆಸೆಯಿಂದ ನಾನು ಅಲ್ಲಿಗೆ ಹೋದೆ.

ಬೆನ್ನಿಗೊಂದು ಚೀಲ, ಕಿಸೆಯಲ್ಲೊಂದು ನಕ್ಷೆ, ಕಾಲಿಗೆ ಗಟ್ಟಿಯಾದ ಮೆಟ್ಟು. ಇಷ್ಟರಲ್ಲಿ ನನ್ನ ಪ್ರಯಾಣದ ಸಿದ್ಧತೆ ಮುಗಿದಿತ್ತು. ಸೆಪ್ಟೆಂಬರ್ ತಿಂಗಳ ಮೊದಲ ವಾರ. ಇಳಿದುಕೊಂಡದ್ದು ಎಂಟು ಮಂಚಗಳ ಒಂದು ಕೋಣೆಯಲ್ಲಿ, ನನ್ನ ಹಾಗೆಯೇ ಚೀಲ ಹೊತ್ತು ಬಂದ ನಾನಾ ದೇಶದ ಯುವಕರ ನಡುವೆ. ಆ ಊರಿನಲ್ಲಿ ಎಲ್ಲವೂ ದುಬಾರಿ. ಅಗ್ಗವಾಗಿ ದೊರೆಯುವುದು ನಡಿಗೆಯೊಂದೇ. ಜೊತೆಗಾರರಿಲ್ಲದವನಿಗೆ ಒಂದು ಸೌಕರ್ಯವೂ ಉಂಟು. ಒಂದು ಗೋಡೆಯ ಮುಂದೆ ಅರ್ಧ ಗಂಟೆ ನಿಂತರೂ ಯಾರೂ ಕೈಹಿಡಿದು ಎಳೆಯುವುದಿಲ್ಲ. ಒಂದು ಕಾಲಕ್ಕೆ ಕೋಟೆಯೊಳಗಿದ್ದ ಹಳೆಯ ಊರು ಅಂಥ ದೊಡ್ಡದೇನಲ್ಲ. ನಡೆದೇ ನೋಡಿ ಮುಗಿಸಬಹುದು. ಅಲ್ಲಿ ಬೀದಿ ದಾಟುವಾಗ ಮೋಟಾರುಗಳಿಗಿಂತ ಸೈಕಲ್ಲುಗಳಿಗೆ ಹೆಚ್ಚು ಹೆದರಬೇಕು. ಕೋಟು ತೊಟ್ಟ ಅಧಿಕಾರಿ, ಮುಂದಿನ ಪೆಟ್ಟಿಗೆಯಲ್ಲಿ ಎರಡು ಮಕ್ಕಳನ್ನು ಕೂರಿಸಿಕೊಂಡ ತಾಯಿ, ಎಲ್ಲರೂ ಸದ್ದಿಲ್ಲದೆ, ವೇಗವಾಗಿ ಸಾಗುತ್ತಿರುತ್ತಾರೆ.

ಮೊದಲ ದಿನ ಸ್ಲಾಟ್ಸ್‌ಹೋಲ್ಮೆನ್ ಎಂಬ ನಡುಗಡ್ಡೆಗೆ ಹೋದೆ. ಕೋಟೆಯ ದ್ವೀಪವೆಂದು ಹೆಸರಿನ ಅರ್ಥ. ಬಾಲ್ಟಿಕ್ ಸಮುದ್ರಕ್ಕೆ ಹೋಗುವ ಹಡಗುಗಳು ಹಾಯುವ ಜಲಸಂಧಿಯ ದಂಡೆಯಲ್ಲಿ, ಮೀನುಗಾರರ ಸಣ್ಣ ಹಳ್ಳಿಯೊಂದು ಇದ್ದ ಕಡೆ, 1167ರ ಸುಮಾರಿಗೆ ಅಬ್ಸಲೋನ್ ಎಂಬ ಬಿಷಪ್ ಕೋಟೆಯನ್ನು ಕಟ್ಟಿಸಿದ. ಅವನು ಧರ್ಮಗುರುವೂ ಹೌದು, ದಂಡನಾಯಕನೂ ಹೌದು. ಅವನ ಕೋಟೆಯನ್ನು 1369ರಲ್ಲಿ ಉತ್ತರ ಜರ್ಮನಿಯ ವರ್ತಕ ಪಟ್ಟಣಗಳ ಒಕ್ಕೂಟ ಕೆಡವಿಹಾಕಿತು. ಅದೇ ಜಾಗದಲ್ಲಿ ಇನ್ನೊಂದು ಕೋಟೆ ಎದ್ದಿತು. 18ನೆಯ ಶತಮಾನದಲ್ಲಿ ಅದನ್ನು ತೆಗೆದು ಕ್ರಿಶ್ಚಿಯನ್ಸ್‌ಬೋರ್ಗ್ ಎಂಬ ಅರಮನೆಯನ್ನು ಕಟ್ಟಿದರು. ಅದು 1794ರಲ್ಲಿ ಸುಟ್ಟುಹೋಯಿತು. ಎರಡನೆಯ ಅರಮನೆ 1884ರಲ್ಲಿ ಸುಟ್ಟಿತು. ಈಗಿರುವುದು ಮೂರನೆಯದು. ಅದರ ಸೂರಿನಡಿಯಲ್ಲಿ ದೇಶದ ಸಂಸತ್ತು, ಸರ್ವೋಚ್ಚ ನ್ಯಾಯಾಲಯ, ಪ್ರಧಾನಿಯ ಕಚೇರಿ, ಮೂರೂ ಇವೆ. ಈ ಮೂರನೆಯ ಅರಮನೆಗೆ ಪಾಯ ತೋಡುವಾಗ ಅಬ್ಸಲೋನನ ಗೋಡೆಗಳು ಬೆಳಕಿಗೆ ಬಂದವು. ಟಿಕೆಟ್ಟು ಕೊಂಡು ನೆಲಮಾಳಿಗೆಗೆ ಇಳಿದರೆ ಎಂಟು ಶತಮಾನಗಳ ಹಿಂದಿನ ಕಲ್ಲುಗಳ ನಡುವೆ ಓಡಾಡಬಹುದು. ತಲೆಯ ಮೇಲೆ ಶಾಸನಸಭೆ, ಕಾಲ ಬಳಿ ಮುರಿದ ಕೋಟೆ. ಒಂದು ದೇಶ ತನ್ನ ಪಾಯವನ್ನು ಹೀಗೆ ತೆರೆದಿಟ್ಟುಕೊಂಡಿರುವುದು ನನಗೆ ಹಿಡಿಸಿತು.

ಅರಮನೆಯಿಂದ ನಾಲ್ಕು ಹೆಜ್ಜೆಯ ದೂರದಲ್ಲಿ ಬೋರ್ಸೆನ್, ಎಂದರೆ ಹಳೆಯ ವ್ಯಾಪಾರ ವಿನಿಮಯ ಭವನ. ನಾಲ್ಕನೆಯ ಕ್ರಿಶ್ಚಿಯನ್ ದೊರೆ 17ನೆಯ ಶತಮಾನದ ಮೊದಲ ಭಾಗದಲ್ಲಿ ಕಟ್ಟಿಸಿದ್ದು. ನಾಲ್ಕು ಘಟಸರ್ಪಗಳ ಬಾಲಗಳನ್ನು ಜಡೆಯಂತೆ ಹೆಣೆದು ಮೇಲಕ್ಕೆತ್ತಿದ ಅದರ ಶಿಖರವನ್ನು ಪಟ್ಟಣದ ಪ್ರತಿಯೊಂದು ಚಿತ್ರಪಟದಲ್ಲಿಯೂ ಕಾಣಬಹುದು. ಊರಿನ ದೊಡ್ಡ ಬೆಂಕಿಗಳನ್ನೆಲ್ಲ ಅದು ತಪ್ಪಿಸಿಕೊಂಡಿತ್ತು. 2024ರ ಏಪ್ರಿಲ್ 16ರ ಬೆಳಿಗ್ಗೆ, ದುರಸ್ತಿ ನಡೆಯುತ್ತಿದ್ದಾಗಲೇ, ಅದಕ್ಕೆ ಬೆಂಕಿ ಬಿದ್ದಿತು. ಶಿಖರ ಉರಿದು ಬೀದಿಗೆ ಕುಸಿಯಿತು. ಕಟ್ಟಡದ ಅರ್ಧದಷ್ಟು ನಾಶವಾಯಿತು. ಒಳಗಿದ್ದ ಹಳೆಯ ವರ್ಣಚಿತ್ರಗಳನ್ನು ನೌಕರರೂ ಅಗ್ನಿಶಾಮಕ ದಳದವರೂ ದಾರಿಹೋಕರೂ ಸೇರಿ ಹೊತ್ತು ಹೊರಕ್ಕೆ ತಂದರು. ನಾನು ಹೋದಾಗ ಸುತ್ತಲೂ ಸಾರುವೆ ಕಟ್ಟಿದ್ದರು. ಇದ್ದಂತೆಯೇ ಮತ್ತೆ ಕಟ್ಟುತ್ತೇವೆಂದು ಅವರು ಬೂದಿ ಆರುವ ಮೊದಲೇ ಹೇಳಿದ್ದರು. ಸುಟ್ಟ ಊರನ್ನು ಮತ್ತೆ ಕಟ್ಟುವುದರಲ್ಲಿ ಅವರಿಗೆ ಶತಮಾನಗಳ ಅಭ್ಯಾಸವಿದೆ.

ಆ ಅಭ್ಯಾಸದ ಗುರುತುಗಳನ್ನು ನೋಡುವುದರಲ್ಲಿ ಎರಡನೆಯ ದಿನ ಕಳೆಯಿತು. ಅದೇ ನಾಲ್ಕನೆಯ ಕ್ರಿಶ್ಚಿಯನ್ ದೊರೆಯ ಕಾಲದಲ್ಲಿ, 1642ರಲ್ಲಿ, ಮುಗಿದ ದುಂಡುಗೋಪುರ ಸುಮಾರು 35 ಮೀಟರು ಎತ್ತರದ್ದು. ಮೇಲಿನ ತುದಿಯ ಹತ್ತಿರದವರೆಗೆ ಅದರೊಳಗೆ ಮೆಟ್ಟಿಲುಗಳಿಲ್ಲ. ಇಟ್ಟಿಗೆ ಹಾಸಿದ ಇಳಿಜಾರು ದಾರಿಯೊಂದು ಏಳೂವರೆ ಸುತ್ತು ಸುತ್ತಿಕೊಂಡು ಮೇಲೇರುತ್ತದೆ. 1716ರಲ್ಲಿ ರಷ್ಯದ ಪೀಟರ್ ಚಕ್ರವರ್ತಿ ಕುದುರೆಯ ಮೇಲೆ ಕುಳಿತೇ ಇದನ್ನೇರಿದನೆಂದು ಹೇಳುತ್ತಾರೆ. ಮೇಲೆ ಖಗೋಳ ವೀಕ್ಷಣಾಲಯವಿತ್ತು. ಪಕ್ಕದ ಚರ್ಚಿನ ಅಟ್ಟದಲ್ಲಿ ವಿಶ್ವವಿದ್ಯಾಲಯದ ಪುಸ್ತಕ ಭಂಡಾರವಿತ್ತು. 1728ರ ಅಕ್ಟೋಬರಿನಲ್ಲಿ ಊರಿನ ಕಾಲುಭಾಗಕ್ಕೂ ಹೆಚ್ಚನ್ನು ನುಂಗಿದ ಬೆಂಕಿ ಆ ಭಂಡಾರವನ್ನೂ ಬಿಡಲಿಲ್ಲ. ಬೆಳಕಿಗೂ ವೇಗವುಂಟೆಂದು ಮೊದಲು ತೋರಿಸಿಕೊಟ್ಟ ಓಲೆ ರೋಮರ್ ಜೀವಮಾನವಿಡೀ ಬರೆದಿಟ್ಟಿದ್ದ ನಕ್ಷತ್ರವೀಕ್ಷಣೆಯ ಲೆಕ್ಕಗಳಲ್ಲಿ ಹೆಚ್ಚಿನವು ಆ ಬೆಂಕಿಯಲ್ಲಿ ಹೋದವು.

ಓಲೆಗರಿಗಳ ಬೆಲೆ ಬಲ್ಲ ನಾವು ಈ ಸಂದರ್ಭದಲ್ಲಿ ನೆನೆಯಬೇಕಾದ ಇನ್ನೊಬ್ಬನಿದ್ದಾನೆ. ಆರ್ನಿ ಮ್ಯಾಗ್ನುಸ್ಸನ್ ಐಸ್‌ಲೆಂಡಿನವನು, ಕೋಪನ್‌ಹೇಗನ್ನಿನಲ್ಲಿ ಪ್ರಾಧ್ಯಾಪಕನಾಗಿದ್ದವನು. ತನ್ನ ನಾಡಿನ ವೀರಗಾಥೆಗಳ ಚರ್ಮಪತ್ರಗಳನ್ನು ಮನೆಮನೆಗೆ ಅಲೆದು ಕೂಡಿಸಿದ್ದ. ಬೆಂಕಿ ಮನೆಯ ಹತ್ತಿರಕ್ಕೆ ಬಂದಾಗ ಗೆಳೆಯರೊಡನೆ ಕೈಗೆ ಸಿಕ್ಕಷ್ಟನ್ನು ಸಾಗಿಸಿದ. ಅಚ್ಚಾದ ಪುಸ್ತಕಗಳು ಬಹುಮಟ್ಟಿಗೆ ಹೋದವು. ಹಸ್ತಪ್ರತಿಗಳಲ್ಲಿ ಹೆಚ್ಚಿನವು ಉಳಿದವು. ಒಂದೂಕಾಲು ವರ್ಷದಲ್ಲಿ ಅವನು ತೀರಿಕೊಂಡ. ಐಸ್‌ಲೆಂಡ್ ಸ್ವತಂತ್ರವಾದ ಮೇಲೆ ಆ ಹಸ್ತಪ್ರತಿಗಳನ್ನು ಹಿಂದಕ್ಕೆ ಕೇಳಿತು. ಬಹುಕಾಲ ವಾದವಿವಾದ ನಡೆದು, ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿ, 1971ರ ಏಪ್ರಿಲ್ 21ರಂದು ಮೊದಲ ಎರಡು ಗ್ರಂಥಗಳು ಡೆನ್ಮಾರ್ಕಿನ ನೌಕಾಪಡೆಯ ಹಡಗಿನಲ್ಲಿ ತವರಿಗೆ ಮರಳಿದವು. 1997ರವರೆಗೆ ಉಳಿದವು ಒಂದೊಂದಾಗಿ ಹೋದವು. ಆಳಿದವನು ಆಳಿಸಿಕೊಂಡವನಿಗೆ ಗ್ರಂಥಗಳನ್ನು ಮರಳಿಸಿದ್ದು ಲೋಕದಲ್ಲಿ ಅಪರೂಪ. ನಮ್ಮ ನಾಡಿನ ಎಷ್ಟೋ ವಸ್ತುಗಳು ಪರದೇಶದ ಸಂಗ್ರಹಾಲಯಗಳಲ್ಲಿರುವುದನ್ನು ಬಲ್ಲವರಿಗೆ ಇದರ ತೂಕ ತಿಳಿಯುತ್ತದೆ.

1795ರ ಜೂನಿನಲ್ಲಿ ಎರಡನೆಯ ಮಹಾದಹನ. ಒಂಬೈನೂರಕ್ಕೂ ಹೆಚ್ಚು ಮನೆಗಳು ಸುಟ್ಟವು. ಆಮೇಲೆ ಮಾಡಿದ ಕಟ್ಟಡದ ನಿಯಮವೊಂದನ್ನು ಇಂದಿಗೂ ಬೀದಿಬೀದಿಯಲ್ಲಿ ಓದಬಹುದು. ಬೀದಿಗಳು ಕೂಡುವಲ್ಲಿ ಮನೆಗಳ ಮೂಲೆಯನ್ನು ಓರೆಯಾಗಿ ಕತ್ತರಿಸಿದಂತೆ ಕಟ್ಟಬೇಕು. ಬೆಂಕಿ ಆರಿಸುವವರ ಉದ್ದದ ಏಣಿಗಳು ತಿರುವಿನಲ್ಲಿ ಸಿಕ್ಕಿಕೊಳ್ಳಬಾರದು. ಪ್ರತಿಯೊಬ್ಬ ಯಜಮಾನನೂ ತನ್ನ ಮನೆಯ ಒಂದು ಮೂಲೆಯನ್ನು ನೆರೆಯವನ ಏಣಿಗೆ ಬಿಟ್ಟುಕೊಡಬೇಕಾಯಿತು. ಇದನ್ನು ತಿಳಿದ ಮೇಲೆ ಆ ಓರೆಮೂಲೆಗಳನ್ನು ಎಣಿಸುತ್ತ ಹೋಗುವುದೇ ನನಗೊಂದು ಕೆಲಸವಾಯಿತು.

ಈ ಎರಡು ಬೆಂಕಿಗಳು ಯುದ್ಧದಿಂದ ಹುಟ್ಟಿದವಲ್ಲ. ಮೂರನೆಯದು ಆಲೋಚಿಸಿ ಹಚ್ಚಿದ್ದು. ಮೂರನೆಯ ದಿನ ನಾನು ವೋರ್ ಫ್ರೂ ಚರ್ಚಿಗೆ, ಎಂದರೆ ಮಾತೆ ಮೇರಿಯ ದೇವಾಲಯಕ್ಕೆ, ಹೋದದ್ದು ಅದರ ಸಲುವಾಗಿ.

1807ರ ಬೇಸಿಗೆಯಲ್ಲಿ ನೆಪೋಲಿಯನ್ನನೂ ರಷ್ಯದ ಚಕ್ರವರ್ತಿಯೂ ಟಿಲ್ಸಿಟ್ ಎಂಬಲ್ಲಿ ಕೈಕುಲುಕಿದರು. ಡೆನ್ಮಾರ್ಕ್ ಆಗ ಯಾರ ಪಕ್ಷಕ್ಕೂ ಸೇರಿರಲಿಲ್ಲ. ಆದರೆ ಅದಕ್ಕೆ ದೊಡ್ಡ ಹಡಗುಪಡೆಯಿತ್ತು, ಬಾಲ್ಟಿಕ್ಕಿನ ಬಾಗಿಲು ಅದರ ಕೈಯಲ್ಲಿತ್ತು. ಇಂಗ್ಲೆಂಡಿನ ಹಡಗುಗಳಿಗೆ ಬೇಕಾದ ಮರ, ಸೆಣಬು, ಡಾಂಬರುಗಳೆಲ್ಲ ಆ ಬಾಗಿಲಿನಿಂದಲೇ ಹೊರಬರಬೇಕು. ಹಡಗುಗಳು ನೆಪೋಲಿಯನ್ನನ ವಶಕ್ಕೆ ಹೋಗಬಹುದೆಂಬ ಶಂಕೆಯೇ ಇಂಗ್ಲೆಂಡಿಗೆ ಸಾಕಾಯಿತು. ಒಪ್ಪಿಸಿ ಎಂದು ಕೇಳಿತು, ಡೇನರು ಒಪ್ಪಲಿಲ್ಲ. ಆಂಗ್ಲ ಸೈನ್ಯ ಬಂದಿಳಿಯಿತು. ಡೇನರ ಸೈನ್ಯದ ಬಹುಭಾಗ ದಕ್ಷಿಣದ ಗಡಿಯಲ್ಲಿತ್ತು. ಊರಿನ ನೆರವಿಗೆ ಕೂಡಿಸಿದ್ದ ರೈತಪಡೆ ಆಗಸ್ಟ್ 29ರಂದು ಕ್ಯೋಗೆ ಎಂಬಲ್ಲಿ ಚದುರಿಹೋಯಿತು. ಮರದ ಪಾದರಕ್ಷೆಯವರ ಯುದ್ಧವೆಂದು ಅದಕ್ಕೆ ಹೆಸರು. ಓಡಿಹೋದ ರೈತರು ತಮ್ಮ ಮರದ ಮೆಟ್ಟುಗಳನ್ನು ಅಲ್ಲಿಯೇ ಬಿಟ್ಟಿದ್ದರಂತೆ.

ಆ ರೈತರನ್ನು ಸೋಲಿಸಿದ ಆಂಗ್ಲ ಸೇನಾನಿಯ ಹೆಸರನ್ನು ಓದಿದಾಗ ಕನ್ನಡಿಗನಿಗೆ ಕಿವಿ ನಿಮಿರುತ್ತದೆ. ಆರ್ಥರ್ ವೆಲ್ಲೆಸ್ಲಿ. 1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹೊರಗೆ ಸುಲ್ತಾನ್‌ಪೇಟೆಯ ತೋಪಿನಲ್ಲಿ ಟಿಪ್ಪುವಿನ ಬಾಣಗಳ ಸುರಿಮಳೆಗೆ ಸಿಕ್ಕಿ, ಕತ್ತಲೆಯಲ್ಲಿ ದಿಕ್ಕುತಪ್ಪಿ ಹಿಮ್ಮೆಟ್ಟಿದ ಅದೇ ವೆಲ್ಲೆಸ್ಲಿ. ಕೋಟೆ ಬಿದ್ದ ಮೇಲೆ ದರಿಯಾ ದೌಲತ್ ಅರಮನೆಯಲ್ಲಿ ವಾಸವಾಗಿದ್ದವ. ಮುಂದೆ ವೆಲಿಂಗ್‌ಟನ್ ಡ್ಯೂಕ್ ಎಂದು ಹೆಸರಾದವ. ವಾಟರ್ಲೂ ಕದನದಲ್ಲಿ ಅವನು ಏರಿದ್ದ ಕುದುರೆಯ ಹೆಸರೇ ಕೋಪನ್‌ಹೇಗನ್.

ವೆಲ್ಲೆಸ್ಲಿಯಂತೆಯೇ ಬಾಣವೂ ಶ್ರೀರಂಗಪಟ್ಟಣದಿಂದ ಕೋಪನ್‌ಹೇಗನ್ನಿಗೆ ಬಂದಿತ್ತು. ಬಾಣಬಿರುಸು ನಮ್ಮ ಜಾತ್ರೆಗಳಿಗೆ ಹಳೆಯದು. ಹೈದರನ ಮತ್ತು ಟಿಪ್ಪುವಿನ ಕಾಲದಲ್ಲಿ ಮೈಸೂರಿನ ಕುಶಲಿಗಳು ಮದ್ದನ್ನು ಕಬ್ಬಿಣದ ಕೊಳವೆಯಲ್ಲಿ ಗಿಡಿದು ಬಿದಿರಿಗೆ ಕಟ್ಟಿ ಹಾರಿಸಿದರು. ಕಾಗದದ ಕೊಳವೆ ತಡೆಯಲಾರದ ಒತ್ತಡವನ್ನು ಕಬ್ಬಿಣ ತಡೆದುಕೊಂಡದ್ದರಿಂದ ಬಾಣ ಬಹುದೂರ ಹೋಗುತ್ತಿತ್ತು. ಯುರೋಪಿನವರ ಬಳಿ ಇಂಥದಿರಲಿಲ್ಲ. ಶ್ರೀರಂಗಪಟ್ಟಣ ಬಿದ್ದ ಮೇಲೆ ಸಿಕ್ಕಿದ ಬಾಣಗಳು ಇಂಗ್ಲೆಂಡಿನ ವುಲ್ವಿಚ್ ಶಸ್ತ್ರಾಗಾರ ಸೇರಿದವು. ವಿಲಿಯಂ ಕಾಂಗ್ರೀವ್ ಎಂಬಾತ ಅದೇ ತತ್ತ್ವವನ್ನು ತಿದ್ದಿ ಬೆಳೆಸಿ ತನ್ನ ಹೆಸರಿನ ರಾಕೆಟ್ಟನ್ನು ಮಾಡಿದ. 1806ರಲ್ಲಿ ಅದನ್ನು ಫ್ರಾನ್ಸಿನ ಬುಲೋನ್ ಬಂದರಿನ ಮೇಲೆ ಹಾರಿಸಿ ನೋಡಿದರು. ಮರುವರ್ಷ ಕೋಪನ್‌ಹೇಗನ್.

1807ರ ಸೆಪ್ಟೆಂಬರ್ 2ರ ಸಂಜೆ ಶುರುವಾದ ಬೆಂಕಿಯ ಮಳೆ 5ರವರೆಗೆ ನಡೆಯಿತು. ಗುರಿ ಕೋಟೆಗೋಡೆಯಾಗಿರಲಿಲ್ಲ, ಮನೆಗಳಾಗಿದ್ದವು. ಮಾರ್ಟರ್ ಫಿರಂಗಿಗಳ ಬಾಂಬುಗಳೇ ಹೆಚ್ಚಿನ ನಾಶ ಮಾಡಿದವು. ಅವುಗಳ ಜೊತೆಗೆ ಕಾಂಗ್ರೀವನ ರಾಕೆಟ್ಟುಗಳೂ ಹಾರಿಬಂದು ಚಾವಣಿಗಳಿಗೆ ನಾಟಿದವು. ಇದೇ ಚರ್ಚಿನ ಎತ್ತರದ ಶಿಖರ ಉರಿದು ಬಿದ್ದಿತು. ನೂರಾರು ಮನೆಗಳು ಹೋದವು. ಸತ್ತ ನಾಗರಿಕರ ಸಂಖ್ಯೆಯನ್ನು 2,000ದವರೆಗೆ ಹೇಳುವವರಿದ್ದಾರೆ. 7ರಂದು ಊರು ಶರಣಾಯಿತು; ಹಡಗುಪಡೆಯನ್ನು ಆಂಗ್ಲರು ಕೊಂಡೊಯ್ದರು. ಎಕರ್ಸ್‌ಬರ್ಗ್ ಎಂಬ ತರುಣ ಕಲಾವಿದ ಆ ರಾತ್ರಿಗಳನ್ನು ಚಿತ್ರಿಸಿದ್ದಾನೆ. ಉರಿಯುವ ಶಿಖರದ ಕೆಳಗೆ ಗಂಟುಮೂಟೆ ಹೊತ್ತು ಓಡುವ ಜನ ಅದರಲ್ಲಿದ್ದಾರೆ.

ಈಗಿರುವ ಚರ್ಚಿಗೆ ಆ ಶಿಖರವಿಲ್ಲ. 1829ರಲ್ಲಿ ಮುಗಿದ ಹೊಸ ಕಟ್ಟಡಕ್ಕೆ ಚಪ್ಪಟೆ ತಲೆಯ ಗೋಪುರವನ್ನಷ್ಟೇ ಇಟ್ಟರು. ಒಳಗೆ ಎಲ್ಲವೂ ಬಿಳಿ. ಥೋರ್‌ವಾಲ್ಡ್‌ಸನ್ ಎಂಬ ಶಿಲ್ಪಿಯ ಕ್ರಿಸ್ತನೂ ಹನ್ನೆರಡು ಮಂದಿ ಶಿಷ್ಯರೂ ಸಾಲಾಗಿ ನಿಂತಿದ್ದಾರೆ. ಅಲ್ಲಿ ಕುಳಿತಾಗ ನನಗೆ ನೆನಪಾದದ್ದು ಶಿವಮೊಗ್ಗ ಜಿಲ್ಲೆಯ ನಗರ. ಹಳೆಯ ಬಿದನೂರು. 2018ರಲ್ಲಿ ಅಲ್ಲಿನ ಬತ್ತಿದ ಬಾವಿಯೊಂದರಲ್ಲಿ ಸುಮಾರು ಸಾವಿರ ಕಬ್ಬಿಣದ ಬಾಣಗಳು ಸಿಕ್ಕವು. ನಮ್ಮ ಕಮ್ಮಾರರ ಜಾಣ್ಮೆಗೆ ಅದೊಂದು ಸಾಕ್ಷಿಯೆಂದು ನಾಡೆಲ್ಲ ಹೆಮ್ಮೆಪಟ್ಟಿತು, ನಾನೂ ಪಟ್ಟೆ. ಹೆಮ್ಮೆ ಸಹಜ. ತನ್ನ ನೆಲದ ಮೇಲೆ ಬಂದವನನ್ನು ತಡೆಯಲು ಮಾಡಿದ ಆಯುಧ ಅದು. ಆದರೆ ಆಯುಧ ಮಾಡಿದವನ ಮಾತನ್ನು ಕೇಳುವುದಿಲ್ಲ. ಎಂಟೂವರೆ ವರ್ಷದೊಳಗೆ ಅದರ ವಿದ್ಯೆ ಗೆದ್ದವನ ಕೈಸೇರಿ, ಮೈಸೂರಿನ ಹೆಸರನ್ನೂ ಕೇಳಿರದ ಹೆಂಗಸರು ಮಕ್ಕಳ ಮೇಲೆ ಬಿದ್ದಿತು. ಬಾಣದ ಕಥೆಯನ್ನು ಶ್ರೀರಂಗಪಟ್ಟಣದಲ್ಲಿ ನಿಲ್ಲಿಸಿದರೆ ಅದು ಅರ್ಧ ಕಥೆ. ಉಳಿದರ್ಧವನ್ನು ಹೇಳಲು ಈ ಬಿಳಿಯ ಚರ್ಚಿನವರೆಗೆ ಬರಬೇಕು.

ಸೋತ ದೇಶಕ್ಕೆ ಮುಂದೆ ಸಾಲುಸಾಲಾಗಿ ಕಷ್ಟ ಬಂದಿತು. 1813ರಲ್ಲಿ ಬೊಕ್ಕಸ ದಿವಾಳಿಯಾಯಿತು. 1814ರಲ್ಲಿ ನಾರ್ವೆ ಕೈಬಿಟ್ಟಿತು. ಆ 1814ರಲ್ಲಿಯೇ ಅವರು ಎಲ್ಲ ಮಕ್ಕಳಿಗೂ ಕಡ್ಡಾಯ ಶಿಕ್ಷಣದ ಕಾನೂನನ್ನು ತಂದರು. 1819ರಲ್ಲಿ ಬಡ ಚಮ್ಮಾರನ ಮಗನೊಬ್ಬ ಹದಿನಾಲ್ಕನೆಯ ವಯಸ್ಸಿನಲ್ಲಿ ಒಬ್ಬಂಟಿಯಾಗಿ ಈ ಊರಿಗೆ ಬಂದ. ಅವನೇ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್. ದಿವಾಳಿಯ ವರ್ಷ ಹುಟ್ಟಿದ ಕೀರ್ಕೆಗಾರ್ಡ್ ಇದೇ ಬೀದಿಗಳಲ್ಲಿ ನಡೆನಡೆದು ಯೋಚಿಸಿದ. ಇಬ್ಬರ ಅಂತ್ಯಕ್ರಿಯೆಯ ಪ್ರಾರ್ಥನೆಯೂ ನಡೆದದ್ದು ಮತ್ತೆ ಕಟ್ಟಿದ ಈ ಚರ್ಚಿನಲ್ಲಿಯೇ. ಹಡಗುಗಳನ್ನು ಕಳೆದುಕೊಂಡ ಊರನ್ನು ಇಂದು ಲೋಕ ಬಲ್ಲದ್ದು ಅದರ ಕಥೆಗಾರನಿಂದ.

ನಾಲ್ಕನೆಯ ದಿನ ಸೇತುವೆ ದಾಟಿ ಕ್ರಿಶ್ಚಿಯನ್ಸ್‌ಹಾವ್ನ್ ಭಾಗಕ್ಕೆ ಹೋದೆ. ನೀರಿನ ದಂಡೆಯಲ್ಲಿ ಏಷ್ಯಾಟಿಸ್ಕ್ ಪ್ಲಾಡ್ಸ್, ಏಷ್ಯದ ಚೌಕ. 1732ರಲ್ಲಿ ಸ್ಥಾಪನೆಯಾದ ಡೇನಿಷ್ ಏಷ್ಯಾಟಿಕ್ ಕಂಪನಿಯ ಉಗ್ರಾಣ ಅಲ್ಲಿದೆ. ಪಕ್ಕದಲ್ಲಿ ದೇಶದ ವಿದೇಶಾಂಗ ಸಚಿವಾಲಯ. ಡೇನರ ಭಾರತದ ವ್ಯವಹಾರ ಇನ್ನೂ ಹಳೆಯದು. 1620ರಲ್ಲಿ ತಂಜಾವೂರಿನ ರಘುನಾಥ ನಾಯಕ ನಾಲ್ಕನೆಯ ಕ್ರಿಶ್ಚಿಯನ್ನನಿಗೆ ಚಿನ್ನದ ತಗಡಿನ ಮೇಲೆ ಬರೆಸಿ ಕಳುಹಿಸಿದ ಪತ್ರ ಡೆನ್ಮಾರ್ಕಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಇಂದಿಗೂ ಇದೆ. ಅದರಿಂದ ದೊರೆತದ್ದು ತರಂಗಂಬಾಡಿಯ ಬಂದರು. 1755ರಲ್ಲಿ ಬಂಗಾಳದ ಶ್ರೀರಾಮಪುರವೂ ಅವರಿಗೆ ದೊರೆಯಿತು. ಈ ಉಗ್ರಾಣಗಳನ್ನು ನೋಡುವಾಗ ಇನ್ನೊಂದನ್ನೂ ಮರೆಯಬಾರದು. ಇದೇ ಬಂದರಿನ ವರ್ತಕರು ಆಫ್ರಿಕದ ಜನರನ್ನು ಗುಲಾಮರಾಗಿ ವೆಸ್ಟ್ ಇಂಡೀಸಿನ ಕಬ್ಬಿನ ತೋಟಗಳಿಗೆ ಸಾಗಿಸಿದರು. ಅಲ್ಲಿ ಗುಲಾಮಗಿರಿ ಮುಗಿದದ್ದು 1848ರಲ್ಲಿ, ಗುಲಾಮರೇ ಎದ್ದುನಿಂತ ಮೇಲೆ. ಸುಟ್ಟ ಊರು ಬೇರೆಯವರನ್ನು ಸುಡಲಾರದೆಂಬ ನಿಯಮ ಚರಿತ್ರೆಯಲ್ಲಿಲ್ಲ.

ಶ್ರೀರಾಮಪುರದ ಕಥೆ ನಮಗೆ ಹತ್ತಿರದ್ದು. ಈಸ್ಟ್ ಇಂಡಿಯಾ ಕಂಪನಿ ತನ್ನ ಸೀಮೆಯಲ್ಲಿ ಮಿಷನರಿಗಳಿಗೆ ಎಡೆಕೊಡದಿದ್ದ ಕಾಲ. ವಿಲಿಯಂ ಕೇರಿ, ಮಾರ್ಷ್‌ಮನ್, ವಾರ್ಡ್ ಎಂಬ ಮೂವರು ಇಂಗ್ಲಿಷರು 1800ರಲ್ಲಿ ಡೇನರ ಧ್ವಜದಡಿಯಲ್ಲಿ ಆಶ್ರಯ ಪಡೆದು ಅಲ್ಲಿ ಮುದ್ರಣಾಲಯ ತೆರೆದರು. ಪಂಚಾನನ ಕರ್ಮಕಾರ, ಅವನ ಅಳಿಯ ಮನೋಹರ, ಇಬ್ಬರೂ ಲೋಹದ ಕೆಲಸದವರು, ಅಲ್ಲಿ ಒಂದಾದ ಮೇಲೊಂದು ಭಾರತೀಯ ಲಿಪಿಗೆ ಅಚ್ಚುಮೊಳೆಗಳನ್ನು ಕೊರೆಯುವ ಕಾರ್ಖಾನೆಯನ್ನು ಬೆಳೆಸಿದರು. 1807ರ ಯುದ್ಧದ ಬಿಸಿ ಅಲ್ಲಿಗೂ ತಟ್ಟಿತು. 1808ರಲ್ಲಿ ಆಂಗ್ಲರು ಊರನ್ನು ಹಿಡಿದುಕೊಂಡು 1815ರವರೆಗೆ ಬಿಡಲಿಲ್ಲ. 1812ರಲ್ಲಿ ಮುದ್ರಣಾಲಯಕ್ಕೆ ಬೆಂಕಿಬಿದ್ದು ಮೊಳೆಗಳೂ ಕಾಗದವೂ ಹಲವು ಭಾಷೆಗಳ ಹಸ್ತಪ್ರತಿಗಳೂ ಹೋದವು. ಕನ್ನಡದ ಬರಹವೂ ಅವುಗಳಲ್ಲಿತ್ತು. ಕರಗಿದ ಸೀಸವನ್ನು ಬೂದಿಯಿಂದ ಬಗೆದು ತೆಗೆದು ಮತ್ತೆ ಎರಕಹೊಯ್ದರು. 1817ರಲ್ಲಿ, ಡೇನರ ಧ್ವಜ ಮತ್ತೆ ಹಾರುತ್ತಿದ್ದಾಗ, ಅಲ್ಲಿಂದ ಕೇರಿಯ ಕರ್ಣಾಟ ಭಾಷೆಯ ವ್ಯಾಕರಣ ಹೊರಬಂದಿತು.

ಕೇಶಿರಾಜ, ಭಟ್ಟಾಕಳಂಕರ ನುಡಿಗೆ ಅದು ಮೊದಲ ವ್ಯಾಕರಣವಲ್ಲ. ಬರೆದದ್ದು ಇಂಗ್ಲಿಷ್ ಬಲ್ಲವರಿಗಾಗಿ, ಮತಪ್ರಚಾರದ ಉದ್ದೇಶವೂ ಹ��ಂದಿತ್ತು. ಆದರೂ ಕನ್ನಡದ ಅಕ್ಷರಗಳು ಮೊಳೆಯಾಗಿ ಅಚ್ಚಿಗೆ ಬಂದ ಮೊದಲ ಪುಸ್ತಕವೆಂದು ನಮ್ಮ ಮುದ್ರಣದ ಚರಿತ್ರೆ ಸಾಮಾನ್ಯವಾಗಿ ಗುರುತಿಸುವುದು ಅದನ್ನೇ. 1827ರಲ್ಲಿ ಶ್ರೀರಾಮಪುರದ ಕಾಲೇಜಿಗೆ ಪದವಿ ಕೊಡುವ ಸನ್ನದನ್ನು ಕೊಟ್ಟವನು ಆರನೆಯ ಫ್ರೆಡರಿಕ್. ರಾಜಧಾನಿ ಸುಟ್ಟಾಗ ಯುವರಾಜನಾಗಿ ಆಳುತ್ತಿದ್ದವನೂ ಅವನೇ. 1845ರಲ್ಲಿ ಡೇನರು ತರಂಗಂಬಾಡಿಯನ್ನೂ ಶ್ರೀರಾಮಪುರವನ್ನೂ ಹನ್ನೆರಡೂವರೆ ಲಕ್ಷ ರೂಪಾಯಿಗೆ ಆಂಗ್ಲರಿಗೆ ಮಾರಿ ಹೊರಟುಹೋದರು.

ಕನ್ನಡನಾಡಿನ ಕಮ್ಮಾರ ಕಬ್ಬಿಣದಿಂದ ಮಾಡಿದ್ದು ಬೇರೆಯವರ ಕೈಯಿಂದ ಕೋಪನ್‌ಹೇಗನ್ನನ್ನು ಸುಡಲು ಹೋಯಿತು. ಅದಾಗಿ ಹತ್ತು ವರ್ಷಕ್ಕೆ ಕೋಪನ್‌ಹೇಗನ್ನಿನ ಧ್ವಜದಡಿಯಲ್ಲಿ ಬಂಗಾಳದ ಕಾರ್ಖಾನೆಯೊಂದು ಸೀಸದಿಂದ ಮಾಡಿದ್ದು ನಮ್ಮ ನುಡಿಗೆ ಅಕ್ಷರವಾಗಿ ಬಂದಿತು. ಇವೆರಡನ್ನೂ ಜಮೆ ಖರ್ಚು ಎಂದು ಎದುರುಬದುರು ಬರೆದು ಲೆಕ್ಕ ಚುಕ್ತಾ ಮಾಡಲು ಬರುವುದಿಲ್ಲ. ಯಾರೂ ಯೋಚಿಸಿ ಕೊಟ್ಟದ್ದಲ್ಲ, ಯೋಚಿಸಿ ತೀರಿಸಿದ್ದೂ ಅಲ್ಲ. ಆದರೆ ದೊರೆಗಳ ಹೆಸರುಗಳನ್ನು ಉರುಹೊಡೆಯುವ ನಾವು, ಆ ಎರಡು ಲೋಹಗಳನ್ನು ಕಾಯಿಸಿ ಬಡಿದ ಕೈಗಳನ್ನೂ, ಅವುಗಳಿಂದ ಸತ್ತವರನ್ನೂ ಕಲಿತವರನ್ನೂ ಒಂದೇ ಕಥೆಯಲ್ಲಿ ಹೇಳಲು ಕಲಿಯಬೇಕು. ಮಕ್ಕಳಿಗೆ ಟಿಪ್ಪುವಿನ ಬಾಣದ ಪಾಠ ಹೇಳುವ ಉಪಾಧ್ಯಾಯರು ಆ ಪಾಠಕ್ಕೆ ಕೋಪನ್‌ಹೇಗನ್ನಿನ ಮೂರು ರಾತ್ರಿಗಳನ್ನೂ, ಅಚ್ಚಿನ ಪಾಠಕ್ಕೆ ಶ್ರೀರಾಮಪುರದ ಧ್ವಜವನ್ನೂ ಎರಡೆರಡು ವಾಕ್ಯದಲ್ಲಿ ಸೇರಿಸಿದರೆ ಸಾಕು. ಆ ಮಕ್ಕಳಿಗೆ ಭೂಪಟದ ಮೇಲಿನ ಯಾವ ಊರೂ ಆಮೇಲೆ ಪೂರ್ತಿ ಪರಕೀಯವಾಗಿ ಉಳಿಯಲಾರದು.